ಮಾವ ಹೇಳಿಕೊಟ್ಟ ಅಂಟು

ಕೆಲಸಕ್ಕಿದ್ದ ಬಟ್ಟೆ ಅಂಗಡಿ ಶಾಶ್ವತವಾಗಿ ಬಾಗಿಲು ಹಾಕಿದ ಮೇಲೆ ದರ್ಜಿ ಹೆಂಡತಿಯನ್ನು ಕರೆದುಕೊಂಡು ಮಾವನ ಮನೆ ಸೇರಿದ. ಕರೆದದ್ದು ಮಾವನೇ. "ನನಗಿರೋದು ಒಬ್ಬಳೇ ಮಗಳು. ಈ ಲೇತು, ಈ ಗರಗಸ ಎಲ್ಲಾ ನಾನೇನು ಹೊತ್ಕೊಂಡು ಹೋಗ್ತೀನಾ? ಬನ್ನಿ ಅಳಿಯಂದ್ರೇ, ಕೆಲಸ ಕಲೀರಿ" ಎಂದು ನಾಲ್ಕು ಜನರ ಮುಂದೆ ಹೇಳಿದ್ದ. ಆ ನಾಲ್ಕು ಜನರೂ ತಲೆದೂಗಿದರು. ಮನೆ ಅಳಿಯನನ್ನು ಇಷ್ಟು ಮರ್ಯಾದೆಯಿಂದ ಕರೆಯುವವರು ಈ ಕಾಲದಲ್ಲಿ ಯಾರಿದ್ದಾರೆ ಎಂದರು.

ಮಾವ ಪೆನ್ನು ಮಾಡುವವನು. ಬೀದಿಯವರೆಲ್ಲ ಅವನನ್ನು ಯಜಮಾನ ಎಂದೇ ಕರೆಯುತ್ತಿದ್ದರು. ಬೀದಿಗೆ ಮುಖ ಮಾಡಿದ ಕೆಳಗಿನ ಕೋಣೆಯಲ್ಲಿ ತುಂಡನ್ನು ಗಿರಗಿರ ತಿರುಗಿಸುವ ಅವನ ಲೇತ್, ಸಣ್ಣ ಹಲ್ಲಿನ ಗರಗಸದ ಯಂತ್ರ, ಕಿಟಕಿಯ ಪಕ್ಕ ಮಗಳ ಮೇಜು. ಬಣ್ಣದ ಅಕ್ರಿಲಿಕ್ ಪಟ್ಟಿಗಳನ್ನು ಓರೆಯಾಗಿ ಕೊಯ್ದು, ನಡುವೆ ಬೇರೆ ಬಣ್ಣದ ತೆಳು ಹಾಳೆ ಇಟ್ಟು ಅಂಟಿಸಿ, ಗಟ್ಟಿಯಾದ ಮೇಲೆ ಉದ್ದಕ್ಕೆ ತೂತು ಕೊರೆದು, ಹಿತ್ತಾಳೆಯ ಕೊಳವೆ ಕೂರಿಸಿ ಲೇತಿಗೆ ಹಾಕುತ್ತಿದ್ದ. ಉಳಿ ತಾಗಿದಂತೆ ಚೌಕದ ತುಂಡು ದುಂಡಗಾಗಿ, ಒಳಗಿನ ಬಣ್ಣಗಳು ಒಂದನ್ನೊಂದು ಸುತ್ತಿಕೊಂಡು ಮೇಲೆ ಬರುತ್ತಿದ್ದವು. ನಿಬ್ಬು, ಕ್ಲಿಪ್ಪು ಹಾಕಿ, ಒರೆಸಿ, ಡಬ್ಬಿಗಿಡುವುದು ಮಗಳ ಪಾಲಿನ ಕೆಲಸ. ಅಂಟಿಸುವುದನ್ನು ಮಾತ್ರ ಯಜಮಾನ ಒಳಕೋಣೆಯಲ್ಲಿ ಒಬ್ಬನೇ ಮಾಡುತ್ತಿದ್ದ. ಯಾಕೆಂದು ಕೇಳಿದರೆ "ಧೂಳು ಬೀಳುತ್ತೆ" ಎನ್ನುತ್ತಿದ್ದ.

ದರ್ಜಿಗೆ ಕೊಯ್ಯುವುದು ಬೇಗ ಕೈಗೆ ಹತ್ತಿತು. ಬಟ್ಟೆಯ ಮೇಲೆ ಕತ್ತರಿ ಆಡಿಸಿ ಆಡಿಸಿ ಅವನ ಕಣ್ಣೇ ಅಳತೆಪಟ್ಟಿಯಾಗಿತ್ತು. ಬಂದ ವಾರದಲ್ಲೇ ಮೂರು ಬಣ್ಣದ ಪಟ್ಟಿಯನ್ನು ಗುರುತು ಹಾಕದೆ ಕೊಯ್ದು ಮೇಜಿನ ಮೇಲೆ ಜೋಡಿಸಿಟ್ಟ. ನಡುವೆ ಕೂದಲು ತೂರುವಷ್ಟೂ ಸಂದು ಇರಲಿಲ್ಲ. ಯಜಮಾನ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದ. ಹೊಗಳಲೂ ಇಲ್ಲ, ತೆಗಳಲೂ ಇಲ್ಲ. "ಇದು ಬಟ್ಟೆ ಅಲ್ಲ ಅಳಿಯಂದ್ರೇ, ತಪ್ಪಾದ್ರೆ ಬಿಚ್ಚಿ ಹೊಲಿಯೋಕೆ. ನಾಳೆ ಅಂಟಿಸೋದು ಹೇಳಿಕೊಡ್ತೀನಿ" ಎಂದಷ್ಟೇ ಹೇಳಿದ.

ಮಾರನೆಯ ದಿನ ಹೇಳಿಕೊಟ್ಟ. "ಎರಡು ಮುಖಾನೂ ಕನ್ನಡಿ ಥರ ಹೊಳೀಬೇಕು. ಪಾಲಿಶ್ ಹಚ್ಚಿ ಉಜ್ಜಿ, ನಿಮ್ಮ ಮೂತಿ ಕಾಣೋ ತನಕ ಬಿಡಬೇಡಿ. ಆಮೇಲೆ ಅಂಟು ಹಚ್ಚಿ ಈ ಕ್ಲಾಂಪಿನ ದವಡೆ ನಡುವೆ ಇಟ್ಟು ತಿರುಪು ಬಿಗೀರಿ. ಎಷ್ಟು ಅಂದ್ರೆ, ಒಳಗಿರೋ ಅಂಟೆಲ್ಲ ಹೊರಗೆ ಬಂದುಬಿಡಬೇಕು. ಅಂಟು ಒಳಗೆ ಉಳೀತು ಅಂದ್ರೆ ಗೆರೆ ಕಾಣುತ್ತೆ, ಗೆರೆ ಕಂಡ್ರೆ ಪೆನ್ನಿಗೆ ಮರ್ಯಾದೆ ಇಲ್ಲ."

ದರ್ಜಿ ಅಕ್ಷರಶಃ ಹಾಗೇ ಮಾಡಿದ. ಲೇತಿಗೆ ಹಾಕಿ ಉಳಿ ತಾಗಿಸಿದ ಕೂಡಲೇ ತುಂಡು ಟಪ್ಪೆಂದು ಸಿಡಿದು ಗೋಡೆಗೆ ಬಡಿಯಿತು. ಇನ್ನೊಂದು ಮಾಡಿದ, ಅದೂ ಸಿಡಿಯಿತು. "ಬಿಗಿ ಸಾಲಲಿಲ್ಲ" ಎಂದ ಯಜಮಾನ. ಇನ್ನೂ ಬಿಗಿದ. "ಹೊಳಪು ಸಾಲಲಿಲ್ಲ" ಎಂದ. ಬೆರಳ ತುದಿಯ ಚರ್ಮ ಸವೆಯುವಷ್ಟು ಉಜ್ಜಿದ. ತುಂಡುಗಳು ಸಿಡಿಯುತ್ತಲೇ ಹೋದವು.

"ಕೆಲವರ ಕೈಗೆ ಅಂಟು ಹಿಡಿಯಲ್ಲ, ಏನು ಮಾಡೋಕಾಗುತ್ತೆ" ಎಂದು ಯಜಮಾನ ಊಟಕ್ಕೆ ಕುಳಿತಾಗ ನಿಟ್ಟುಸಿರುಬಿಟ್ಟ. "ಮನೆಗೆ ಮಾತ್ರ ಚೆನ್ನಾಗಿ ಅಂಟಿಕೊಂಡ್ರಿ."

ದರ್ಜಿ ತಲೆ ತಗ್ಗಿಸಿ ನಕ್ಕ. ಅವನಿಗೆ ಬೇರೆ ದಾರಿಯೂ ಇರಲಿಲ್ಲ.

ಮಗಳು ಒಮ್ಮೆ ಬಾಯಿಬಿಟ್ಟಳು. ಅವಳು ಹುಟ್ಟಿ ಬೆಳೆದದ್ದೇ ಆ ಕೋಣೆಯ ಸದ್ದುಗಳ ನಡುವೆ. ಅಪ್ಪ ಅಂಟಿಸುವ ಮುಂಚೆ ಒಳಗಿನಿಂದ ಗರ್ರ್ ಗರ್ರ್ ಎಂದು ಸ್ಯಾಂಡ್ ಪೇಪರಿನ ಸದ್ದು ಬರುತ್ತಿತ್ತು. ಗಂಡ ಉಜ್ಜುವಾಗ ಬರುತ್ತಿದ್ದದ್ದು ಪಾಲಿಶ್ ಬಟ್ಟೆಯ ಸದ್ದು, ಬೆಕ್ಕಿನ ಹೆಜ್ಜೆಯಂಥದ್ದು. "ಅಪ್ಪಾ, ನೀವು ಮುಖಾನ ಒರಟು ಮಾಡ್ತಿದ್ರಿ ಅಲ್ವಾ?" ಎಂದು ಕೇಳಿದಳು. "ನೀನು ನಿಬ್ಬು ಹಾಕು. ನಿಬ್ಬು ವಕ್ರ ಆದ್ರೆ ಬಂದು ಹೇಳು" ಎಂದ ಅಪ್ಪ. ಅವಳು ನಿಬ್ಬು ಎತ್ತಿಕೊಂಡಳು. ಗಂಡನಿಗೂ ಹೇಳಲಿಲ್ಲ. ಅಪ್ಪ ಬೇಕೆಂದೇ ಹೀಗೆ ಮಾಡುತ್ತಾನೆಂದು ನಂಬುವುದಕ್ಕಿಂತ, ಗಂಡನ ಕೈಯಲ್ಲೇ ಏನೋ ಕೊರತೆ ಇದೆಯೆಂದು ನಂಬುವುದು ಅವಳಿಗೆ ಸುಲಭವಾಗಿತ್ತು.

ಭಾನುವಾರ ಯಜಮಾನನ ಇಬ್ಬರು ಸ್ನೇಹಿತರು ಚಹಾಕ್ಕೆ ಬರುತ್ತಿದ್ದರು. ಒಬ್ಬ ಗಡಿಯಾರ ರಿಪೇರಿಯವನು, ಇನ್ನೊಬ್ಬ ಪುಸ್ತಕಕ್ಕೆ ಬೈಂಡು ಹಾಕುವವನು. ಮೊದಲು ಅವರು ರಾಜಕೀಯ ಮಾತಾಡುತ್ತಿದ್ದರು. ದರ್ಜಿ ಬಂದ ಮೇಲೆ ರಾಜಕೀಯ ಸಪ್ಪೆಯಾಯಿತು.

"ಅಳಿಯಂದ್ರೇ, ಒಂದು ತುಂಡು ತಿರುಗಿಸಿ ತೋರಿಸಿ. ಇವರು ಅಷ್ಟು ದೂರದಿಂದ ಬಂದಿದ್ದಾರೆ" ಎನ್ನುತ್ತಿದ್ದ ಯಜಮಾನ. ಅವರಿಬ್ಬರೂ ಎದುರು ಸಾಲಿನವರು.

ದರ್ಜಿ ಮುಖಕ್ಕೆ ಪ್ಲಾಸ್ಟಿಕ್ ಪರದೆ ಹಾಕಿಕೊಂಡು ಲೇತಿನ ಮುಂದೆ ನಿಲ್ಲುವನು. "ಮದುಮಗಳು ಮುಸುಕು ಹಾಕ್ಕೊಂಡಳು" ಎನ್ನುವನು ಬೈಂಡಿನವನು. ಉಳಿ ತಾಗುತ್ತದೆ, ತುಂಡು ಸಿಡಿಯುತ್ತದೆ, ಮೂವರೂ ಚಪ್ಪಾಳೆ ಹೊಡೆಯುತ್ತಾರೆ. ನಗುನಗುತ್ತಾ ಗಡಿಯಾರದವನಿಗೆ ಒಮ್ಮೆ ಚಹಾ ನೆತ್ತಿಗೇರಿ, ಅವನ ಬೆನ್ನು ತಟ್ಟಬೇಕಾಗಿ ಬಂದದ್ದೂ ದರ್ಜಿಗೇ. ಬರಬರುತ್ತಾ ಬೀದಿಯಲ್ಲಿ ಅವನಿಗೆ ಪಟಾಕಿ ಎಂಬ ಹೆಸರು ಬಿತ್ತು. ತರಕಾರಿ ತರಲು ಹೋದರೆ ಅಂಗಡಿಯವಳೂ "ಏನು ಪಟಾಕಿ, ಇವತ್ತು ಎಷ್ಟು ಸಿಡಿದ್ವು?" ಎನ್ನತೊಡಗಿದಳು. ಅವನ ಕೈ ನಡುಗಲು ಶುರುವಾಯಿತು. ಅಂಗಿಯ ಗುಂಡಿ ಹಾಕಿಕೊಳ್ಳುವಾಗಲೂ ನಡುಗುತ್ತಿತ್ತು. ಒಂದು ಸಂಜೆ ಹೆಂಡತಿಯ ಹರಿದ ರವಿಕೆ ಹೊಲಿಯಲು ಕೂತವನು ಸೂಜಿಗೆ ದಾರ ಪೋಣಿಸಲಾಗದೆ ಎದ್ದು ಹೋದ.

ಹೀಗಿರುವಾಗ ಕಣ್ಣಿನ ಡಾಕ್ಟರಮ್ಮ ಬಂದರು. ಅವರು ಯಜಮಾನನ ಹಳೆಯ ಗಿರಾಕಿ. ಯಜಮಾನನೇ ಮಾಡಿಕೊಟ್ಟಿದ್ದ ಪೆನ್ನಿನ ಮೇಲೆ ಅವರದೇ ಕಾರಿನ ಚಕ್ರ ಹರಿದಿತ್ತು. ಮುಚ್ಚಳ ಪುಡಿಪುಡಿ, ಒಡಲು ನಾಲ್ಕು ಹೋಳು. "ಹೀಗೇ ಇನ್ನೊಂದು ಬೇಕು. ಬೇರೆ ಪೆನ್ನಲ್ಲಿ ಬರೆದ್ರೆ ನನ್ನ ಅಕ್ಷರ ನನಗೇ ಓದೋಕಾಗಲ್ಲ" ಎಂದರು ಡಾಕ್ಟರಮ್ಮ.

ಅದು ಕಡುಗೆಂಪು ಬಣ್ಣ. ಒಳಗೆ ಹೊಗೆ ಸುಳಿದಾಡಿದಂತೆ ಕಾಣುತ್ತಿತ್ತು. ಆ ಅಕ್ರಿಲಿಕ್ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ಮುಚ್ಚುವ ಮುಂಚೆ ಯಜಮಾನ ತಂದಿಟ್ಟುಕೊಂಡಿದ್ದ ಪಟ್ಟಿಗಳು ಒಳಕೋಣೆಯ ಮೇಲಿನ ಹಲಗೆಯ ಮೇಲೆ ಹಳೆಯ ಶಾಲು ಹೊದ್ದು ಮಲಗಿದ್ದವು. ಅವನ್ನು ಮುಟ್ಟಲು ಮಗಳಿಗೂ ಅಪ್ಪಣೆ ಇರಲಿಲ್ಲ.

"ಮಾಡೋಣ ಮೇಡಂ, ಸ್ವಲ್ಪ ಕಾಲ ಕೊಡಿ" ಎಂದ ಯಜಮಾನ. ಅವರು ಹೋದ ಮೇಲೆ ಹೋಳುಗಳನ್ನು ದರ್ಜಿಯ ಮುಂದೆ ಸುರಿದ. "ಕ್ಲಿಪ್ಪು ಬಿಚ್ಚಿಟ್ಟು ಉಳಿದದ್ದು ಎಸೀರಿ. ಇದನ್ನಾದ್ರೂ ಸರಿಯಾಗಿ ಮಾಡ್ತೀರಿ ಅಂದ್ಕೋತೀನಿ."

ದರ್ಜಿ ಎಸೆಯಲಿಲ್ಲ. ಹೊಲಿಗೆಯ ಗುಣ ಗೊತ್ತಾಗುವುದು ಬಟ್ಟೆ ತಿರುವಿ ಒಳಗಡೆ ನೋಡಿದಾಗ ಎಂದು ಕಲಿತು ಬೆಳೆದವನು ಅವನು. ಒಂದು ಹೋಳು ಅಂಟಿದ್ದ ಜಾಗದಲ್ಲೇ ಬಿಟ್ಟುಕೊಂಡಿತ್ತು. ಅದರ ಒಳಮುಖವನ್ನು ಬೆಳಕಿಗೆ ಹಿಡಿದ. ಕನ್ನಡಿಯಂಥ ಹೊಳಪೇನೂ ಇರಲಿಲ್ಲ. ಅಡ್ಡಡ್ಡ, ಉದ್ದುದ್ದ, ಬೇಕೆಂದೇ ಎಳೆದ ಗೀರುಗಳಿದ್ದವು. ಗೀರುಗಳ ತುಂಬ ಅಂಟು ಕಚ್ಚಿಕೊಂಡು ಕೂತಿತ್ತು. ಉಗುರಿನಿಂದ ಕೆರೆದರೂ ಏಳದಷ್ಟು ಗಟ್ಟಿಯಾದ ಒಂದು ಪದರವೇ ಒಳಗೆ ಉಳಿದಿತ್ತು.

ಆ ದಿನ ಯಜಮಾನ ಕೊಳವೆ ತರಲು ಹೊರಗೆ ಹೋದಾಗ ದರ್ಜಿ ಕಸದ ಡಬ್ಬಿಯಿಂದ ಎರಡು ಚೂರು ಹೆಕ್ಕಿದ. ಮುಖಗಳನ್ನು ಒರಟಾಗಿ ಉಜ್ಜಿದ, ಅಂಟು ಧಾರಾಳವಾಗಿ ಹಚ್ಚಿದ, ಕ್ಲಾಂಪನ್ನು ಮಗುವಿನ ಕೈ ಹಿಡಿದಂತೆ ಮೆತ್ತಗೆ ಹಿಡಿಸಿ ಮಂಚದ ಕೆಳಗೆ ಬಚ್ಚಿಟ್ಟ. ಮಾರನೆಯ ದಿನ ಯಜಮಾನ ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ ಅಂಗಳಕ್ಕೆ ತಂದು ಸುತ್ತಿಗೆಯಿಂದ ಹೊಡೆದ. ಪ್ಲಾಸ್ಟಿಕ್ಕು ಒಡೆಯಿತು. ಅಂಟು ಬಿಡಲಿಲ್ಲ.

ಬಟ್ಟೆ ಒಣಹಾಕುತ್ತಿದ್ದ ಹೆಂಡತಿ ತಿರುಗಿ ನೋಡಿದಳು. ಅವನು ಆ ಚೂರನ್ನು ಅವಳ ಅಂಗೈಯಲ್ಲಿಟ್ಟ.

"ನಿಮ್ಮಪ್ಪ ನನಗೆ ಉಲ್ಟಾ ಹೇಳಿಕೊಟ್ಟಿದ್ದಾರೆ."

ಅವಳು ಆ ಚೂರನ್ನು ನೋಡಲಿಲ್ಲ. ಅವನ ಮುಖವನ್ನೂ ನೋಡಲಿಲ್ಲ. ಅಷ್ಟರಿಂದಲೇ ಅವನಿಗೆ ತಿಳಿದುಹೋಯಿತು.

"ನಿನಗೆ ಗೊತ್ತಿತ್ತಾ?"

"ಗೊತ್ತಿರಲಿಲ್ಲ... ಅನುಮಾನ ಇತ್ತು."

"ಅನುಮಾನ ಇತ್ತು" ಎಂದು ಅವನು ಅವಳ ಮಾತನ್ನೇ ಮೆಲ್ಲಗೆ ತಿರುಗಿ ಹೇಳಿದ. ಕೂಗಾಡಲಿಲ್ಲ. ಅವನ ಕೈ ಆಗ ನಡುಗುತ್ತಿರಲಿಲ್ಲ ಎಂಬುದನ್ನು ಅವಳು ಗಮನಿಸಿದಳು. ಅವಳಿಗೆ ಭಯವಾದದ್ದು ಅದಕ್ಕೇ.

ಮುಂದಿನ ಭಾನುವಾರ ಸ್ನೇಹಿತರ ಮುಂದೆ ದರ್ಜಿ ತಾನಾಗಿಯೇ ಮಾತು ತೆಗೆದ. "ಮಾವ, ನೀವು ಹೇಳಿದ್ದನ್ನ ಒಂದು ಅಕ್ಷರ ಬಿಡದೆ ಮಾಡ್ತೀನಿ. ಆದ್ರೂ ಸಿಡಿಯುತ್ತೆ. ಈ ಅಗ್ಗದ ಮಾಲೇ ಸರಿ ಇಲ್ವೇನೋ. ಮೇಲಿರೋ ಕೆಂಪು ಪಟ್ಟೀಲಿ ಒಂದು ತುಂಡು ಕೊಟ್ರೆ ನೋಡಬಹುದಿತ್ತು."

"ಅದಾ?" ಯಜಮಾನ ನಕ್ಕ. "ಮಂಗನ ಕೈಗೆ ಮಾಣಿಕ್ಯಾನಾ?"

"ಕೊಡಯ್ಯಾ" ಎಂದ ಗಡಿಯಾರದವನು, ಅವನಿಗೆ ಸಿಡಿಯುವುದು ಬೇಕಾಗಿತ್ತು. "ಮಾಲೂ ಒಳ್ಳೇದು, ಗುರುವೂ ಒಳ್ಳೆಯವನು. ಆದ್ರೂ ಒಡೆದ್ರೆ ಶಿಷ್ಯನದೇ ತಪ್ಪು ಅಂತ ಖಾತ್ರಿ ಆಗುತ್ತೆ."

ಯಜಮಾನನಿಗೆ ಇಲ್ಲ ಎನ್ನಲು ನೆವ ಸಿಗಲಿಲ್ಲ. ಶಾಲು ಸರಿಸಿ ಒಂದು ತುಂಡು ಕೊಟ್ಟ. ದರ್ಜಿ ಅವರ ಮುಂದೆಯೇ ಕೊಯ್ದ. ಪಾಲಿಶ್ ಹಚ್ಚಿ ಮುಖ ಕಾಣುವವರೆಗೆ ಉಜ್ಜಿದ, "ಕಾಣ್ತಿದೆ ಮಾವ, ನೋಡಿ" ಎಂದು ತೋರಿಸಿದ, ಅಂಟು ತೊಟ್ಟಿಕ್ಕುವಂತೆ ಬಿಗಿದ. ಮುಂದಿನ ಭಾನುವಾರ ತಿರುಗಿಸಿದ. ಕೆಂಪು ಚೂರುಗಳು ಕೋಣೆಯ ತುಂಬ ಹಾರಿದವು. ಯಜಮಾನನೂ ಚಪ್ಪಾಳೆ ತಟ್ಟಿದ. ಆದರೆ ಅವರು ಹೋದ ಮೇಲೆ ಮಂಡಿಯೂರಿ ಕೂತು ಮೇಜಿನ ಕೆಳಗಿನ ಚೂರುಗಳನ್ನು ಒಂದೊಂದಾಗಿ ಆರಿಸಿಕೊಂಡ.

"ಇನ್ನೊಂದು ಕೊಡಿ ಮಾವ, ಈ ಸಲ ಇನ್ನೂ ಬಿಗೀತೀನಿ" ಎಂದ ದರ್ಜಿ. ಅವನ ದನಿಯಲ್ಲಿ ಬೆಣ್ಣೆಯಂಥ ವಿನಯ. ಸ್ನೇಹಿತರ ಮುಂದೆ ಮತ್ತೆ ಕೇಳಿದ, ಮತ್ತೆ ಒಂದು ತುಂಡು ಹೋಯಿತು. ಯಜಮಾನನ ಬಾಯಲ್ಲಿ ಬಿಸಿ ತುಪ್ಪ. ನುಂಗಲೂ ಆಗದು, ಉಗುಳಲೂ ಆಗದು. ನಿಲ್ಲಿಸು ಎಂದರೆ ಯಾಕೆ ಎಂದು ಹೇಳಬೇಕು. ಮಗಳು ನಿಬ್ಬು ಹಾಕುತ್ತಾ ಇಬ್ಬರನ್ನೂ ನೋಡುತ್ತಿದ್ದಳು. ಅಪ್ಪನಿಗೆ ಈಗ ಗೊತ್ತಾಗಿತ್ತು, ಅಳಿಯನಿಗೆ ಗೊತ್ತಾಗಿದೆ ಎಂದು. ಇಬ್ಬರೂ ಒಂದೇ ತಟ್ಟೆಯ ಎದುರು ಕುಳಿತವರಂತೆ ಸದ್ದಿಲ್ಲದೆ ಆ ಪಟ್ಟಿಗಳನ್ನು ತಿಂದು ಮುಗಿಸುತ್ತಿದ್ದರು.

ಕೊನೆಗೆ ಯಜಮಾನ ಸಿಡುಕಿದ. "ಮಾಲು ಹಾಳು ಮಾಡಿದ್ದು ಸಾಕು. ಕೈ ಸರಿ ಇಲ್ಲ ಅಂದ್ಮೇಲೆ ಚಿನ್ನ ಕೊಟ್ರೂ ಅಷ್ಟೇ."

"ಹೌದು ಮಾವ, ನನ್ನ ಕೈದೇ ತಪ್ಪು" ಎಂದ ದರ್ಜಿ. "ಅದಕ್ಕೇ ಒಂದು ಸಲ ನೀವೇ ಮಾಡಿ ತೋರಿಸಿ. ನನಗೆ ಹೇಳಿಕೊಟ್ಟ ಹಾಗೇ, ಇವರ ಮುಂದೆ. ಕಣ್ಣಾರೆ ನೋಡಿದ್ರೆ ಕಲೀತೀನಿ."

ಬೈಂಡಿನವನು ಲೋಟ ಕೆಳಗಿಟ್ಟ. ಗಡಿಯಾರದವನು ಇಬ್ಬರ ಮುಖವನ್ನೂ ನೋಡಿದ. ಸೂಕ್ಷ್ಮ ಯಂತ್ರಗಳ ಜೊತೆ ಬದುಕಿದವನಿಗೆ ಎಲ್ಲೋ ಚಕ್ರದ ಒಂದು ಹಲ್ಲು ತಪ್ಪಿದ್ದು ಕೇಳಿಸಿತ್ತು. ಮಜಾ ಇನ್ನೂ ದೊಡ್ಡದಾಗುತ್ತಿದೆ ಎಂದು ಅವನಿಗೆ ಖುಷಿಯಾಯಿತು.

"ಮಾಡಯ್ಯಾ, ನಿನಗೇನು ಭಯ?"

ಯಜಮಾನ ಎದ್ದ. ಶಾಲಿನ ಕೆಳಗಿನಿಂದ ಡಾಕ್ಟರಮ್ಮನ ಪೆನ್ನಿಗೆಂದು ಎತ್ತಿಟ್ಟಿದ್ದ ತುಂಡನ್ನೇ ತಂದು ಕೊಯ್ದ. ಎರಡು ಮುಖಗಳನ್ನೂ ಕನ್ನಡಿಯಾಗುವಂತೆ ಉಜ್ಜಿದ. ಅಂಟು ಹಚ್ಚಿದ. ಕ್ಲಾಂಪ್ ತಿರುಗಿಸಿದ. ಒಂದು ಹಂತಕ್ಕೆ ಬಂದು ಅವನ ಕೈ ತಾನಾಗಿ ನಿಂತಿತು. ಅಷ್ಟು ವರ್ಷ ನಿಂತ ಜಾಗ ಅದು.

"ಇನ್ನೂ ಬಿಗಿ ಮಾವ" ಎಂದ ದರ್ಜಿ. "ಅಂಟು ಒಳಗೆ ಉಳಿಯುತ್ತೆ."

ಯಜಮಾನ ಬಿಗಿದ. ಅಂಟು ಅಂಚಿನಿಂದ ಉಕ್ಕಿ ಮೇಜಿನ ಮೇಲೆ ಹರಿಯಿತು.

"ಪಂದ್ಯದ ಮಾಲು ನನ್ನ ಹತ್ರ ಇರಲಿ, ರಾತ್ರಿ ಅದಲುಬದಲಾಗೋದು ಬೇಡ" ಎಂದು ಗಡಿಯಾರದವನು ಕ್ಲಾಂಪ್ ಸಮೇತ ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡ. "ನಾಳೆ ತರ್ತೀನಿ. ನಾಳೆ ಅಂಗಡಿ ರಜ."

ಆ ಸಂಜೆ ಮಗಳು ಅಪ್ಪನ ಬಳಿ ಹೋಗಿ ಕೂತಳು. "ಹೇಳಿಬಿಡಿ ಅಪ್ಪಾ. ಸುಮ್ನೆ ತಮಾಷೆ ಮಾಡಿದೆ ಅಂತಾದ್ರೂ ಹೇಳಿ."

"ಏನನ್ನ?"

"ನನ್ನ ಮುಂದೆ ಬೇಡ ಆ ನಾಟಕ. ಯಾಕೆ ಹಾಗೆ ಹೇಳಿಕೊಟ್ರಿ ಅವರಿಗೆ?"

ಯಜಮಾನ ತನ್ನ ಅಂಗೈಗಳನ್ನು ತಿರುವಿ ನೋಡಿಕೊಂಡ. ಆಮೇಲೆ ಹೇಳಿದ, "ಬಂದ ವಾರದಲ್ಲೇ ಅವನು ಕೊಯ್ದಿದ್ದು ನೋಡಿದ್ಯಾ? ಆ ಥರ ಕೊಯ್ಯೋಕೆ ನನಗೆ ಅರ್ಧ ಆಯಸ್ಸು ಹಿಡೀತು. ಅಂಟೂ ಕಲಿತಿದ್ರೆ, ಆಮೇಲೆ ಈ ಮನೇಲಿ ನಾನು ಯಾವ ಮೂಲೆ?"

"ಹಾಗಾದ್ರೆ ಕರೆದದ್ದು ಯಾಕೆ?"

"ಕರೀದೇ ಇದ್ದಿದ್ರೆ ಜನ ಏನಂತಿದ್ರು?"

ಅವಳು ಗಂಡನ ಬಳಿಗೂ ಹೋದಳು. "ರೀ, ನಾಳೆ ಬೇಡ ಅನ್ನಿ. ಅವರು ಸೋತಿದ್ದಾರೆ."

"ತಪ್ಪು ಹೇಳಿಕೊಟ್ಟೆ ಅಂತ ಒಂದು ಮಾತು ಹೇಳಲಿ, ನಿಲ್ಲಿಸ್ತೀನಿ."

"ಅದು ಒಡೆದು ಅವರಿಗೆ ಏಟಾದ್ರೆ?"

"ನನಗೆ ಎಷ್ಟು ಸಲ ಒಡೀತು? ಆಗ ನೀನು ನಿಬ್ಬು ಹಾಕ್ತಿದ್ದೆ."

ಅವಳು ದೀಪ ಆರಿಸಿದಳು.

ಮರುದಿನ ಬೈಂಡಿನವನು ಇನ್ನೂ ಇಬ್ಬರನ್ನು ಕರೆದುಕೊಂಡು ಬಂದಿದ್ದ. ಯಜಮಾನ ತೂತು ಕೊರೆಯುವಾಗ ಎಂದೂ ಇಲ್ಲದಷ್ಟು ನಿಧಾನ ಮಾಡಿದ. ಕೊರೆದು, ಹಿಂದೆಳೆದು, ಪುಡಿ ಊದಿ, ಮತ್ತೆ ಕೊರೆದ. ಅಂಟು ಬಿಡಲಿಲ್ಲ. ಕೊಳವೆ ಕೂರಿಸಿ ಕಾದ. ಆಗಲೂ ಬಿಡಲಿಲ್ಲ. ಅವನ ಮುಖಕ್ಕೆ ಸ್ವಲ್ಪ ರಕ್ತ ಬಂತು. ಕೈಚಳಕದಿಂದ ದಾಟಿಬಿಡಬಹುದೆಂದು ಅವನಿಗೆ ಅನ್ನಿಸಿರಬೇಕು. ಲೇತಿಗೆ ಹಾಕಿದ. ದರ್ಜಿ ಮುಖದ ಪರದೆ ಚಾಚಿದ.

"ನನಗ್ಯಾಕೆ ಮುಸುಕು?" ಎಂದ ಯಜಮಾನ. ಎಲ್ಲರೂ ನಕ್ಕರು.

ಉಳಿಯನ್ನು ಗರಿಯಂತೆ ತಾಗಿಸಿದ. ಮೂಲೆಗಳು ಸವೆದವು. ಕೆಂಪು ದಾರದಂತೆ ಸುರುಳಿ ಬಿಚ್ಚಿಕೊಂಡು ಬಂತು. ತುಂಡು ದುಂಡಗಾಗತೊಡಗಿತು, ಒಳಗಿನ ಹೊಗೆ ಎದ್ದು ಕಾಣಿಸಿತು. "ಶಭಾಷ್" ಎಂದ ಬೈಂಡಿನವನು. ಅದೇ ಕ್ಷಣಕ್ಕೆ ಅಂಟು ಬಿಟ್ಟಿತು. ಬಿಟ್ಟುಕೊಂಡ ಅಂಚಿಗೆ ಉಳಿ ಸಿಕ್ಕಿ ಎಗರಿತು. ಒಂದು ಹೋಳು ಕಿಟಕಿಯ ಗಾಜಿಗೆ ಹೋಯಿತು. ಇನ್ನೊಂದು ಯಜಮಾನನ ಬಲಗೈ ಹೆಬ್ಬೆರಳಿನ ಬುಡವನ್ನು ಮೂಳೆ ಕಾಣುವಷ್ಟು ಆಳಕ್ಕೆ ಸೀಳಿತು.

ಹಳೆಯ ಅಭ್ಯಾಸಬಲದಿಂದ ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು. ಒಂದೇ ಸಲ ತಟ್ಟಿ ನಿಲ್ಲಿಸಿದರು.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ಬೆರಳು ಉಳಿಯಿತು. ಆದರೆ ಒಳಗಿನ ನರ ತುಂಡಾಗಿತ್ತು. ಹೆಬ್ಬೆರಳು ಇನ್ನು ಮಡಚುವುದಿಲ್ಲ, ಉಳಿ ಹಿಡಿಯುವ ಆಸೆ ಬಿಡಿ ಎಂದರು ಅಲ್ಲಿನ ಡಾಕ್ಟರು. ಹೊರಗಿನ ಬೆಂಚಿನ ಮೇಲೆ ಮಗಳು ಗಂಡನನ್ನು ಕೇಳಿದಳು, "ಒಡೆಯುತ್ತೆ ಅಂತ ಗೊತ್ತಿದ್ದೂ ಅವರನ್ನ ಲೇತಿನ ಮುಂದೆ ನಿಲ್ಲಿಸಿದ್ರಿ ಅಲ್ವಾ?"

"ಗೊತ್ತಿತ್ತು" ಎಂದ ದರ್ಜಿ. "ಅವರಿಗೂ ಗೊತ್ತಿತ್ತು."

ಅಲ್ಲಿಂದ ಮುಂದೆ ಒಳಕೋಣೆ ದರ್ಜಿಯದಾಯಿತು. ಉಳಿದಿದ್ದ ಎರಡು ಕೆಂಪು ಪಟ್ಟಿಗಳಲ್ಲಿ ಒಂದನ್ನು ತೆಗೆದು ಡಾಕ್ಟರಮ್ಮನ ಪೆನ್ನನ್ನು ಅವನೇ ಮಾಡಿದ. ಕೊಯ್ದದ್ದೂ ಅವನೇ, ಅಂಟಿಸಿದ್ದೂ ಅವನೇ, ತಿರುಗಿಸಿದ್ದೂ ಅವನೇ. ಡಾಕ್ಟರಮ್ಮ ಬಂದು ಅದನ್ನು ಬೆರಳುಗಳ ನಡುವೆ ಹೊರಳಿಸಿ ನೋಡಿದರು, ಅಂಟಿದ ಗೆರೆ ಹುಡುಕಿದರು, ಸಿಗಲಿಲ್ಲ. ಕುರ್ಚಿಯಲ್ಲಿ ಕೈಗೆ ಬಟ್ಟೆ ಸುತ್ತಿಕೊಂಡು ಕುಳಿತಿದ್ದ ಯಜಮಾನನ ಕಡೆ ತಿರುಗಿ ಹೇಳಿದರು, "ಈ ಕೈಲೂ ಹೇಗೆ ಮಾಡಿದ್ರಿ ಯಜಮಾನರೇ?"

"ಹೇಗೋ ಆಯ್ತು ಮೇಡಂ" ಎಂದ ಯಜಮಾನ. "ಕೆಲಸ ಕೈಲಿರಲ್ಲ, ತಲೇಲಿರುತ್ತೆ."

ದರ್ಜಿ ಲೇತ್ ಒರೆಸುತ್ತಾ ನಿಂತಿದ್ದ. ಕಣ್ಣಲ್ಲಿ ಒಂದು ನಗು ಇತ್ತು, ಆ ಸುಳ್ಳು ಪೂರ್ತಿಯಾಗಲೆಂದು ಕಾಯುವ ನಗು.

"ಅದು ಅಪ್ಪ ಮಾಡಿದ್ದಲ್ಲ ಡಾಕ್ಟರಮ್ಮಾ" ಎಂದಳು ಮಗಳು. ಹೇಳಬೇಕೆಂದು ಅಂದುಕೊಂಡಿರಲಿಲ್ಲ, ಬಂದುಬಿಟ್ಟಿತು. "ಅಪ್ಪ ಇವರಿಗೆ ಬೇಕೂಂತ ತಪ್ಪು ಹೇಳಿಕೊಟ್ರು. ಇವರು ಬೇಕೂಂತ ಅಪ್ಪನ ಕೈಲಿ ಅದನ್ನೇ ಮಾಡಿಸಿದ್ರು. ಕೈ ಹಾಗಾಗಿದ್ದು ಅದಕ್ಕೇ. ನಾನು ಇಲ್ಲೇ ಕೂತಿದ್ದೆ."

ಡಾಕ್ಟರಮ್ಮ ಪೆನ್ನನ್ನು ಚೀಲಕ್ಕೆ ಹಾಕಿಕೊಂಡು ಬರ್ತೀನಿ ಎಂದು ಹೊರಟರು. ಯಜಮಾನ ಗೋಡೆಯ ಕಡೆ ನೋಡುತ್ತಾ ಕೂತ. ದರ್ಜಿಯ ಕಣ್ಣಿನ ನಗು ಆರಿತ್ತು.

"ಮನೆ ಮಾತು ಬೀದಿಗೆ ಹಾಕ್ತಾರಾ?" ಎಂದ ಅವನು. ಮಾವನ ಮಾತು ಮಾವ ಆಡುವ ಮೊದಲೇ ಅಳಿಯನ ಬಾಯಲ್ಲಿ ಬಂದಿತ್ತು.

ಅವಳು ನಿಬ್ಬಿನ ಡಬ್ಬಿ ಮುಚ್ಚಿಟ್ಟು ಎದ್ದಳು. ಒಳಕೋಣೆಗೆ ಹೋಗಿ ಸ್ಟೂಲು ಹತ್ತಿ ಶಾಲು ಸರಿಸಿದಳು. ಉಳಿದಿದ್ದದ್ದು ಒಂದೇ ಪಟ್ಟಿ. ಅದನ್ನು ತಂದು ಗರಗಸದ ಮೇಜಿನ ಮೇಲೆ ಇಟ್ಟು, ಮುಖದ ಪರದೆ ಹಾಕಿಕೊಂಡಳು.

"ಏನು ಮಾಡ್ತಿದ್ದೀಯಾ?" ಎಂದ ಗಂಡ.

"ಕಲೀತಿದ್ದೀನಿ."

"ಅಯ್ಯೋ, ಅದು ಬೇಡ! ಕಸದಲ್ಲಿರೋದು ತಗೋ!" ಎಂದು ಮಾವ ಅಳಿಯ ಇಬ್ಬರೂ ಒಟ್ಟಿಗೆ ಕೂಗಿದರು. ಆ ಮನೆಯಲ್ಲಿ ಅವರಿಬ್ಬರ ಮಾತು ಒಂದಾದದ್ದು ಅದೇ ಮೊದಲು. ಯಜಮಾನ ಕುರ್ಚಿಯಿಂದ ಏಳಲು ಹೋಗಿ ನೋವಿನ ಕೈ ಊರಿ ಮುಲುಗಿದ. ದರ್ಜಿ ಎರಡು ಹೆಜ್ಜೆ ಮುಂದೆ ಬಂದ. "ಓರೆ ಹಿಡಿಯೋದು ನಿನಗೆ ಬರಲ್ಲ, ಹಾಳಾಗುತ್ತೆ, ನಾನು ಹೇಳಿಕೊಡ್ತೀನಿ ತಾಳು..."

ಅವಳು ಸ್ವಿಚ್ಚು ಒತ್ತಿದಳು. ಗರಗಸದ ಸದ್ದಿನಲ್ಲಿ ಮುಂದಿನ ಮಾತು ಯಾರಿಗೂ ಕೇಳಿಸಲಿಲ್ಲ.